ಇವೇನೆಂದು ಮಕ್ಕಳು ಕೇಳುವಾಗ

ಮುಂಚಿತವಾಗಿ ಓದತಕ್ಕ ಭಾಗ: ಯೆಹೋಶುವನ ಪುಸ್ತಕ, 4ನೆಯ ಅಧ್ಯಾಯ.



ಇಸ್ರಾಯೇಲ್ಯರು ಯೊರ್ದನ್ ಹೊಳೆಯನ್ನು ದಾಟಿದ ಸಂಗತಿಯು ನಿಮಗೆಲ್ಲರಿಗೂ ತಿಳಿದದ್ದೇ. ಅದು ಸುಗ್ಗಿಯ ಕಾಲ. ಹೊಳೆಯು ದಡ ಮೀರಿ ಹರಿಯುತ್ತಿತ್ತು. ಯಾಜಕರು ಮಂಜೂಷವನ್ನು ಹೊತ್ತು ನೀರಿನೊಳಗೆ ಕಾಲಿಟ್ಟಾಗ ಮೇಲಿನಿಂದ ಬರುವ ನೀರು ನಿಂತಿತು. ಜನರೆಲ್ಲರೂ ಒಣನೆಲದ ಮೇಲೆ ದಾಟಿದರು. ಇಷ್ಟನ್ನು ನಮ್ಮ ಆದಿತ್ಯವಾರದ ಶಾಲೆಯ ಚಿಕ್ಕ ಮಕ್ಕಳೂ ತಪ್ಪದೆ ಹೇಳುತ್ತಾರೆ. ಆದರೆ ಅನಂತರ ನಡೆದದ್ದನ್ನು ದೊಡ್ಡವರು ಸಹ ಅವಸರದಿಂದ ಓದಿ ಮುಂದಕ್ಕೆ ಹೋಗುವದುಂಟು. ಕುಲಕ್ಕೆ ಒಬ್ಬನಂತೆ ಹನ್ನೆರಡು ಮಂದಿ ಹೊಳೆಯ ನಡುವೆ ಹೋಗಿ, ಯಾಜಕರ ಪಾದಗಳು ನಿಂತಿದ್ದ ಸ್ಥಳದಿಂದಲೇ ಒಂದೊಂದು ಕಲ್ಲನ್ನು ಹೆಗಲ ಮೇಲೆ ಹೊತ್ತುತಂದರು. ಅವುಗಳನ್ನು ಗಿಲ್ಗಾಲಿನಲ್ಲಿ ನಿಲ್ಲಿಸಲಾಯಿತು. ಯಾಕೆ? ಮುಂದೊಂದು ದಿನ ಮಕ್ಕಳು ಆ ಕಲ್ಲುಗಳನ್ನು ಕಂಡು, ಇವು ಯಾತಕ್ಕೆಂದು ತಂದೆಗಳನ್ನು ಕೇಳುವರು. ಆಗ ತಂದೆಗಳು ಹೊಳೆ ದಾಟಿದ ವೃತ್ತಾಂತವನ್ನು ಹೇಳಬೇಕು ಎಂಬುದೇ ಅದರ ಅಭಿಪ್ರಾಯ.

ಆ ಕಲ್ಲುಗಳು ಉಳಿಯಿಂದ ಕೆತ್ತಿದವುಗಳಲ್ಲ, ಬಣ್ಣ ಹಚ್ಚಿದವುಗಳಲ್ಲ; ಹೊಳೆಯಲ್ಲಿ ಬಿದ್ದಿದ್ದ ಕಲ್ಲುಗಳು. ದೇವರು ಇಲ್ಲಿ ಮಕ್ಕಳ ಪ್ರಶ್ನೆಯನ್ನು ಮೊದಲೇ ಎಣಿಸಿ ಅದಕ್ಕೆ ಎಡೆಮಾಡಿಟ್ಟನು. ಮಗುವು ಕಣ್ಣಿಂದ ಕಂಡದ್ದನ್ನು ಕುರಿತು ಕೇಳುತ್ತದೆ. ಕಾಣದ್ದನ್ನು ಕುರಿತು ಕೇಳಲರಿಯದು. ಇದನ್ನು ಮನಸ್ಸಿನಲ್ಲಿಟ್ಟುಕೊಂಡು, ನಾವು ಈ ತಿಂಗಳು ದೂರ ದೇಶದ ಒಂದು ಕುಟುಂಬಪದ್ಧತಿಯ ವಿಷಯವಾಗಿ ನಿಮ್ಮ ಸಂಗಡ ಸ್ವಲ್ಪ ಮಾತಾಡಬೇಕೆಂದಿದ್ದೇವೆ.

ಅಮೇರಿಕದ ಮಿಶಿಗನ್ ಸೀಮೆಯಲ್ಲಿ ಫ್ರಾಂಕೆನ್‌ಮುತ್ ಎಂಬ ಊರು ಇದೆ. ಜರ್ಮನಿಯ ಫ್ರಾಂಕೋನಿಯ ಎಂಬ ಪ್ರಾಂತ್ಯದ ಲೂಥರನ ಸಭೆಯವರು 1845ರಲ್ಲಿ ಹಡಗು ಹತ್ತಿ ಬಂದು ಅದನ್ನು ಕಟ್ಟಿದರು. ಫ್ರಾಂಕರ ಧೈರ್ಯ ಎಂಬದೇ ಆ ಹೆಸರಿನ ಅರ್ಥ. ಅವರನ್ನು ಕಳುಹಿಸಿದವರು ವಿಲ್ಹೆಲ್ಮ್ ಲೋಹೆ ಎಂಬ ಬೋಧಕರು. ಕರಕೊಂಡು ಬಂದವರು ಅಗಸ್ಟ್ ಕ್ರೇಮರ್ ಎಂಬ ಬೋಧಕರು. ಮೊದಲು ಬಂದವರು ಹದಿನೈದು ಮಂದಿ ಮಾತ್ರ. ಆ ಕಾಡಿನಲ್ಲಿದ್ದ ಚಿಪ್ಪೆವ ಎಂಬ ಮೂಲನಿವಾಸಿಗಳಿಗೆ ಸುವಾರ್ತೆಯನ್ನು ತಿಳಿಸುವದು ಅವರ ಉದ್ದೇಶಗಳಲ್ಲಿ ಒಂದಾಗಿತ್ತು. ಆ ಕೆಲಸವು ಬಹುಕಾಲ ನಡೆಯಲಿಲ್ಲ; ಬಂದವರ ಹೊಲಗಳು ಹಬ್ಬಿದವು, ಮೊದಲಿದ್ದ ಜನರು ದೂರ ಸರಿಯಬೇಕಾಯಿತು. ಇದನ್ನು ಮುಚ್ಚಿಟ್ಟು ಆ ಊರಿನ ಚೆಲುವನ್ನು ಮಾತ್ರ ವರ್ಣಿಸುವದು ನ್ಯಾಯವಲ್ಲವೆಂದು ನಮಗೆ ತೋರುತ್ತದೆ.

ಈ ಊರಿನಲ್ಲಿ ವಾಲಿ ಬ್ರಾನರ್ ಎಂಬವರು 1945ರಲ್ಲಿ ಅಂಗಡಿಗಳಿಗೆ ಹೆಸರಿನ ಹಲಗೆಗಳನ್ನು ಬರೆದುಕೊಡುವ ಕಸಬನ್ನು ಆರಂಭಿಸಿದರು. 1951ರಲ್ಲಿ ಅದೇ ಸೀಮೆಯ ಕ್ಲೇರ್ ಎಂಬ ಪಟ್ಟಣದ ವರ್ತಕರು, ಕ್ರಿಸ್ಮಸ್ ಹಬ್ಬಕ್ಕೆ ತಮ್ಮ ಬೀದಿಗಳನ್ನು ಸಿಂಗರಿಸುವ ಕೆಲಸವನ್ನು ಅವರಿಗೆ ಒಪ್ಪಿಸಿದರು. ಅಲ್ಲಿಂದ ಮೊದಲ್ಗೊಂಡು ಹಬ್ಬದ ಅಲಂಕಾರಗಳ ವ್ಯಾಪಾರವೇ ಅವರ ಮುಖ್ಯ ಕಸಬಾಯಿತು. 1977ರಲ್ಲಿ ಊರ ಹೊರಗೆ ದೊಡ್ಡ ಮಳಿಗೆಯನ್ನು ಕಟ್ಟಿದರು. ಬ್ರಾನರ್ ಅವರು 2008ರಲ್ಲಿ ತೀರಿಕೊಂಡರು. ಮಳಿಗೆಯು ಅವರ ಮನೆಯವರ ಕೈಯಲ್ಲಿ ನಡೆಯುತ್ತಲಿದೆ. ಆ ಕಟ್ಟಡವು ಏಳು ಎಕರೆಗಿಂತ ಹೆಚ್ಚು ನೆಲವನ್ನು ಆಕ್ರಮಿಸಿದೆ. ನಮ್ಮಲ್ಲಿ ಎಷ್ಟು ಮಂದಿ ರೈತರಿಗೆ ಏಳು ಎಕರೆ ಹೊಲ ಉಂಟು? ವರ್ಷದಲ್ಲಿ 361 ದಿನ ಅದರ ಬಾಗಿಲು ತೆರೆದಿರುತ್ತದೆ. ಮುಚ್ಚುವ ನಾಲ್ಕು ದಿನಗಳಲ್ಲಿ ಕ್ರಿಸ್ಮಸ್ ದಿನವೂ ಒಂದು, ಪುನರುತ್ಥಾನದ ಹಬ್ಬವೂ ಒಂದು. ಮಳಿಗೆಯ ಬಳಿಯಲ್ಲೇ ಒಂದು ಚಿಕ್ಕ ಪ್ರಾರ್ಥನಾಲಯವಿದೆ. ಶಾಂತರಾತ್ರಿಯ ಕೀರ್ತನೆಯನ್ನು 1818ರ ಡಿಸೆಂಬರ್ 24ರಂದು ಆಸ್ಟ್ರಿಯದ ಓಬರ್ನ್‌ಡಾರ್ಫಿನಲ್ಲಿ ಮೊದಲು ಹಾಡಿದರಷ್ಟೆ. ಅಲ್ಲಿನ ಸ್ಮಾರಕ ಪ್ರಾರ್ಥನಾಲಯದ ಮಾದರಿಯಂತೆ ಇದನ್ನು 1992ರಲ್ಲಿ ಕಟ್ಟಿದ್ದಾರೆ. ವ್ಯಾಪಾರಕ್ಕೆ ಬಂದವರು ಬೆಲೆಯಿಲ್ಲದೆ ಒಳಗೆ ಹೋಗಿ ಸ್ವಲ್ಪ ಹೊತ್ತು ಕುಳಿತುಕೊಳ್ಳಬಹುದು.

ಈಗ ನಾವು ಹೇಳಬೇಕೆಂದಿರುವ ಪದ್ಧತಿಯು ಇದು. ಆ ಸೀಮೆಯ ಅನೇಕ ಕುಟುಂಬಗಳು ವರುಷಕ್ಕೊಮ್ಮೆ, ಸುಗ್ಗಿಯ ಸ್ತೋತ್ರದಿನದ ಸುತ್ತುಮುತ್ತಿನಲ್ಲಿ, ಮಕ್ಕಳು ಮರಿಗಳ ಸಹಿತ ಈ ಅಂಗಡಿಗೆ ಪ್ರಯಾಣ ಮಾಡುತ್ತವೆ. ಒಂದೊಂದು ಮಗುವು ಕ್ರಿಸ್ಮಸ್ ಮರಕ್ಕೆ ಕಟ್ಟುವ ಒಂದೊಂದು ಆಭರಣವನ್ನು, ಅಂದರೆ ಗಾಜಿನ ಗುಂಡನ್ನೋ ಮರದ ಕುದುರೆಯನ್ನೋ ದೇವದೂತನ ಬೊಂಬೆಯನ್ನೋ, ತಾನೇ ಆರಿಸಿಕೊಳ್ಳುತ್ತದೆ. ಅಂಗಡಿಯವರು ಅದರ ಮೇಲೆ ಮಗುವಿನ ಹೆಸರನ್ನೂ ವರ್ಷವನ್ನೂ ಕೈಯಿಂದ ಬರೆದುಕೊಡುತ್ತಾರೆ. ಹುಟ್ಟಿದ ವರುಷದ್ದು ಒಂದು, ನಡೆಯಲು ಕಲಿತ ವರುಷದ್ದು ಒಂದು, ಹೀಗೆ ಮಗುವಿನ ಸಂಗಡ ಪೆಟ್ಟಿಗೆಯೂ ತುಂಬುತ್ತದೆ. ಪ್ರತಿ ಹಬ್ಬದಲ್ಲಿ ಪೆಟ್ಟಿಗೆಯನ್ನು ಬಿಚ್ಚಿ ಒಂದೊಂದನ್ನೂ ಮರಕ್ಕೆ ಕಟ್ಟುವಾಗ, ಇದು ಯಾವಾಗಿನದು, ಆಗ ನಾನು ಹೇಗಿದ್ದೆ ಎಂದು ಮಕ್ಕಳು ಕೇಳುತ್ತಾರೆ, ತಾಯಿ ಹೇಳುತ್ತಾಳೆ. ಮಗನೋ ಮಗಳೋ ಮದುವೆಯಾಗಿ ಬೇರೆ ಮನೆ ಹೂಡುವಾಗ ಅವರವರ ಆಭರಣಗಳನ್ನು ಅವರವರಿಗೆ ಕೊಟ್ಟುಕಳುಹಿಸುತ್ತಾರೆ. ಆ ವರುಷ ಹಳೆಯ ಮನೆಯ ಮರವು ಅರ್ಧ ಬರಿದಾಗಿ ಕಾಣುತ್ತದಂತೆ. ಮಗುವು ತೀರಿಹೋದ ಮನೆಗಳಲ್ಲಿ ಆ ಮಗುವಿನ ಹೆಸರುಳ್ಳದ್ದನ್ನು ಪೆಟ್ಟಿಗೆಯೊಳಗೆ ಬಿಡುವದಿಲ್ಲ. ಅದನ್ನೂ ಉಳಿದವುಗಳ ನಡುವೆ ಕಟ್ಟುತ್ತಾರೆ. ಕಟ್ಟುವಾಗ ಯಾರೂ ಹೆಚ್ಚು ಮಾತಾಡುವದಿಲ್ಲ.

ಈ ಗಾಜಿನ ಗುಂಡುಗಳು ಎಲ್ಲಿಂದ ಬಂದವೆಂಬದನ್ನು ತಿಳಿಯುವದು ಒಳ್ಳೇದು. ಯಾಕಂದರೆ ಅವು ಐಶ್ವರ್ಯವಂತರ ಕೈಯಿಂದ ಹುಟ್ಟಿದವುಗಳಲ್ಲ. ಜರ್ಮನ್ ನಾಡಿನವರು ಹಬ್ಬದ ಮರಕ್ಕೆ ಪೂರ್ವದಲ್ಲಿ ತಿನ್ನತಕ್ಕವುಗಳನ್ನೂ ಕಾಗದದ ಹೂವುಗಳನ್ನೂ ಕಟ್ಟುತ್ತಿದ್ದರು. ಸ್ಟ್ರಾಸ್‌ಬುರ್ಗಿನ ಮನೆಗಳಲ್ಲಿ ಕಾಗದದ ಗುಲಾಬಿ, ಸೇಬು, ತೆಳ್ಳಗಿನ ರೊಟ್ಟಿ, ಸಕ್ಕರೆ ಇವುಗಳನ್ನು ಕಟ್ಟುತ್ತಿದ್ದ ಸಂಗತಿಯು 1605ರ ಒಂದು ಬರಹದಿಂದ ತಿಳಿಯುತ್ತದೆ. ತುರಿಂಗಿಯದ ಬೆಟ್ಟಗಳಲ್ಲಿರುವ ಲೌಶ ಎಂಬ ಹಳ್ಳಿಯಲ್ಲಿ 1597ರಿಂದ ಗಾಜಿನ ಕುಲುಮೆ ಇತ್ತು. ಆ ಊರಿನ ಒಬ್ಬ ಬಡ ಗಾಜುಗಾರನು ಮಕ್ಕಳಿಗೆ ಸೇಬು ಕೊಳ್ಳಲಾರದೆ ಗಾಜಿನಲ್ಲಿಯೇ ಹಣ್ಣುಗಳನ್ನು ಊದಿಕೊಟ್ಟನೆಂದು ಕಥೆ ಹೇಳುತ್ತಾರೆ. ಕಥೆಯು ಹೇಗೇ ಇರಲಿ, 19ನೆಯ ಶತಮಾನದ ಮಧ್ಯದಲ್ಲಿ ಆ ಹಳ್ಳಿಯಲ್ಲಿ ಈ ಕಸಬು ನೆಲೆಗೊಂಡದ್ದು ನಿಜ.

ಅದು ಮನೆಮಂದಿಯೆಲ್ಲಾ ಸೇರಿ ಮಾಡುವ ಕೆಲಸ. ತಂದೆಯು ದೀಪದ ಉರಿಯಲ್ಲಿ ಗಾಜಿನ ಕೊಳವೆಯನ್ನು ಕಾಯಿಸಿ ಉಸಿರಿನಿಂದ ಊದಿ ಗುಂಡು ಮಾಡುವನು. ತಾಯಿಯು ಅದರೊಳಗೆ ಬೆಳ್ಳಿಯ ದ್ರಾವಣವನ್ನು ಸ್ವಲ್ಪ ಹೊಯಿದು, ಬಿಸಿನೀರಿನಲ್ಲಿ ಕುಲುಕಿ, ಒಳಮೈಗೆ ಬೆಳ್ಳಿ ಹತ್ತುವಂತೆ ಮಾಡುವಳು. ಅವುಗಳನ್ನು ಸಾಲುಮೊಳೆಗಳ ಮೇಲೆ ಒಣಗಲಿಟ್ಟು, ಒಣಗಿದ ಮೇಲೆ ಮಕ್ಕಳು ಬಣ್ಣ ಹಚ್ಚಿ, ಕುತ್ತಿಗೆಯನ್ನು ಕತ್ತರಿಸಿ, ತಗಡಿನ ಟೋಪಿ ತೊಡಿಸುವರು. ಅನಂತರ ಹೆಂಗಸರು ದೊಡ್ಡ ಬುಟ್ಟಿಗಳನ್ನು ಬೆನ್ನಿಗೆ ಕಟ್ಟಿಕೊಂಡು ಬೆಟ್ಟ ಇಳಿದು ಸೋನೆಬರ್ಗ್ ಎಂಬ ಪೇಟೆಯ ಸಾವುಕಾರರಿಗೆ ಒಪ್ಪಿಸುವರು. ಬೆಲೆ ಕಟ್ಟುವವನು ಸಾವುಕಾರ, ರಾತ್ರಿಯೆಲ್ಲಾ ಊದಿದವನಲ್ಲ. ಬೀಡಿ ಕಟ್ಟಿ ಎಣಿಸಿ ಒಪ್ಪಿಸುವ ನಮ್ಮ ಸಹೋದರಿಯರಿಗೂ, ಸಾವುಕಾರನ ನೂಲಿನಿಂದ ಕೂಲಿಗೆ ಮಗ್ಗ ನಡಿಸಿದ ನಮ್ಮ ಸಭೆಯ ಹಿರಿಯರಿಗೂ ಇದನ್ನು ಬಿಡಿಸಿ ಹೇಳಬೇಕಾದದ್ದಿಲ್ಲ. ಅಮೇರಿಕದಲ್ಲಿ ಫ್ರಾಂಕ್ ವೂಲ್ವರ್ತ್ ಎಂಬ ವರ್ತಕನು 1880ರಿಂದ ಈ ಗುಂಡುಗಳನ್ನು ತನ್ನ ಅಂಗಡಿಯಲ್ಲಿ ಮಾರತೊಡಗಿ ಬಹಳವಾಗಿ ಲಾಭ ಹೊಂದಿದನು. ಅವನ ಹೆಸರು ಇಂದಿಗೂ ಪುಸ್ತಕಗಳಲ್ಲಿದೆ. ಬುಟ್ಟಿ ಹೊತ್ತು ಬೆಟ್ಟ ಇಳಿದವಳ ಹೆಸರನ್ನು ಯಾರು ಬರೆದಿಟ್ಟರು?

ಎರಡನೆಯ ಮಹಾಯುದ್ಧದ ಕಾಲದ ಒಂದು ಸಂಗತಿಯೂ ಉಂಟು. ಜರ್ಮನಿಯಿಂದ ಸರಕು ಬರುವದು ನಿಂತುಹೋಗುವ ಸೂಚನೆ ಕಂಡು, ವಿದ್ಯುದ್ದೀಪದ ಬುರುಡೆಗಳನ್ನು ಊದುತ್ತಿದ್ದ ಅಮೇರಿಕದ ಕಾರ್ನಿಂಗ್ ಕಾರ್ಖಾನೆಯ ಯಂತ್ರದಿಂದ 1939ರಲ್ಲಿ ಹಬ್ಬದ ಗುಂಡುಗಳನ್ನು ಮಾಡಲಾರಂಭಿಸಿದರು. ಬಳಿಕ ಅಮೇರಿಕವೂ ಯುದ್ಧಕ್ಕೆ ಇಳಿದಾಗ ಲೋಹವೆಲ್ಲಾ ಆ ಕಡೆಗೆ ಹೋಯಿತು. ಗುಂಡಿನೊಳಗೆ ಹಾಕುವ ಬೆಳ್ಳಿಯಿಲ್ಲ, ಮೇಲಿನ ಟೋಪಿಗೆ ತಗಡಿಲ್ಲ. ಆದಕಾರಣ ಬರಿಯ ಗಾಜಿನ ಮೇಲೆ ಎರಡು ಮೂರು ಬಣ್ಣದ ಗೆರೆಗಳನ್ನು ಎಳೆದು, ರಟ್ಟಿನ ಟೋಪಿ ಹಾಕಿ ಮಾರಿದರು. ಬೆಳ್ಳಿಯ ಹೊಳಪಿಲ್ಲದ ಆ ಗುಂಡುಗಳನ್ನು ಕೆಲವು ಮನೆಗಳು ಈಗಲೂ ಜಾಗ್ರತೆಯಿಂದ ಇಟ್ಟುಕೊಂಡಿವೆ. ಅಜ್ಜನು ದಂಡಿನಲ್ಲಿದ್ದ ವರುಷ ಅಜ್ಜಿಯು ಕಟ್ಟಿದ್ದು ಇದು ಎಂದು ಮೊಮ್ಮಕ್ಕಳಿಗೆ ತೋರಿಸುತ್ತಾರೆ. ಮಳಿಗೆಯ ಬೆಲೆಯಲ್ಲಿ ಅತಿ ಹೀನವಾಗಿದ್ದದ್ದೇ ಮನೆಯಲ್ಲಿ ಹೆಚ್ಚಿನದಾಯಿತು.

ನಿಮ್ಮಲ್ಲಿ ಕೆಲವರು, ಉಪದೇಶಿಗಳೇ, ಅಂಗಡಿಗೆ ಹೋಗುವದೂ ಒಂದು ಪ್ರಸಂಗದ ವಿಷಯವೋ, ಕೊಟ್ಟಿಗೆಯಲ್ಲಿ ಹುಟ್ಟಿದ ಕರ್ತನಿಗೂ ಏಳು ಎಕರೆಯ ಮಳಿಗೆಗೂ ಏನು ಸಂಬಂಧ ಎಂದು ಕೇಳಬಹುದು. ಕೇಳತಕ್ಕದ್ದೇ. ವರುಷವೆಲ್ಲಾ ತೆರೆದಿರುವ ಅಂಗಡಿಯು ವರುಷವೆಲ್ಲಾ ಆಶೆಯನ್ನೂ ಮಾರುತ್ತದೆ. ಒಂದನ್ನು ಕೊಳ್ಳಬೇಕೆಂದು ಹೋದವನು ಹತ್ತನ್ನು ಹೊತ್ತುಬರುವನು. ನೆನಪಿಗೆಂದು ಇಟ್ಟದ್ದು ಹೇಗೆ ಉರುಲಾಗುವದೆಂಬದಕ್ಕೆ ಸತ್ಯವೇದದಲ್ಲಿಯೇ ಸಾಕ್ಷಿಗಳಿವೆ. ಗಿದ್ಯೋನನು ಜಯ ಹೊಂದಿ ಬಂದ ಮೇಲೆ, ಕೊಳ್ಳೆಯ ಬಂಗಾರದ ಮುರುವುಗಳಿಂದ ಏಫೋದನ್ನು ಮಾಡಿಸಿ ತನ್ನ ಊರಾದ ಒಫ್ರದಲ್ಲಿ ಇಟ್ಟನು. ಅದು ಅವನಿಗೂ ಅವನ ಮನೆಗೂ ಬಲೆಯಾಯಿತೆಂದು ನ್ಯಾಯಸ್ಥಾಪಕರ 8ನೆಯ ಅಧ್ಯಾಯದಲ್ಲಿ ಓದುತ್ತೇವೆ. ಮೋಶೆಯು ಅಡವಿಯಲ್ಲಿ ದೇವರ ಅಪ್ಪಣೆಯಿಂದಲೇ ಮಾಡಿಸಿದ ತಾಮ್ರದ ಸರ್ಪವು ಜನರ ಪ್ರಾಣ ಉಳಿಸಿತು. ಬಹುಕಾಲದ ತರುವಾಯ ಜನರು ಅದಕ್ಕೇ ಧೂಪ ಹಾಕುತ್ತಿದ್ದದರಿಂದ ಹಿಜ್ಕೀಯನು ಅದನ್ನು ಒಡೆದು ಚೂರು ಮಾಡಿಸಬೇಕಾಯಿತು. ಹಾಗಾದರೆ ಗಿಲ್ಗಾಲಿನ ಕಲ್ಲುಗಳಿಗೂ ಒಫ್ರದ ಏಫೋದಿಗೂ ಭೇದವೇನು? ಕಲ್ಲುಗಳು ಮಗುವಿನ ಪ್ರಶ್ನೆಗೋಸ್ಕರ ನಿಂತವು, ಏಫೋದು ನೋಡುವವರ ಬೆರಗಿಗೋಸ್ಕರ ನಿಂತಿತು ಎಂದು ನಾವು ತಿಳುಕೊಳ್ಳುತ್ತೇವೆ. ಕಲ್ಲನ್ನು ಕಂಡವನು ಹೊಳೆಯನ್ನು ನೆನಸುವನು. ಬಂಗಾರವನ್ನು ಕಂಡವನಿಗೆ ಬಂಗಾರವೇ ಸಾಕು.

ಈ ಮಾತು ಮಿಶಿಗನಿನವರಿಗೆ ಮಾತ್ರ ಅಲ್ಲ. ನಮ್ಮ ಹಳ್ಳಿಗಳಲ್ಲಿ ಡಿಸೆಂಬರ್ ತಿಂಗಳು ಬಂತೆಂದರೆ ಆಗುವದು ಏನು? ನೆರೆಯವನ ಮನೆಯ ಮುಂದೆ ಮಿಣುಕುವ ಪ್ಲಾಸ್ಟಿಕ್ ನಕ್ಷತ್ರ ಏರಿದರೆ ನಮ್ಮ ಮನೆಯ ಮುಂದೆ ಅದಕ್ಕಿಂತ ಒಂದು ಮೊಳ ದೊಡ್ಡದು ಏರಬೇಕು. ಮಕ್ಕಳಿಗೆ ಹೊಸ ಬಟ್ಟೆ, ಬಂದವರಿಗೆ ಔತಣ, ಇವುಗಳಿಗಾಗಿ ಸಂಘದಿಂದ ಸಾಲ, ಸಾಲದೆ ಹೋದರೆ ಬಡ್ಡಿಯವನಿಂದ ಕೈಗಡ. ಹಬ್ಬದ ದೀಪ ಆರಿದ ಮೇಲೆ ಕಂತಿನ ದಿನ ಬರುತ್ತದೆ. ಫೆಬ್ರವರಿಯಲ್ಲಿ ಆಡನ್ನು ಮಾರಿ ಡಿಸೆಂಬರಿನ ಸಾಲ ತೀರಿಸುವ ಮನೆಗಳನ್ನು ನಾವು ಬಲ್ಲೆವು. ಅಂಥ ಮನೆಯ ತಾಯಿಗೆ ಮುಂದಿನ ಹಬ್ಬವು ಹತ್ತಿರ ಬರುವಾಗ ಸಂತೋಷಕ್ಕಿಂತ ಮೊದಲು ಅಂಜಿಕೆ ಬರುತ್ತದೆ. ರಕ್ಷಕನು ಹುಟ್ಟಿದ ದಿನಕ್ಕೆ ಅಂಜಬೇಕಾದ ಗತಿಯನ್ನು ನಮ್ಮ ಹೆಂಗಸರ ಮೇಲೆ ಹೊರಿಸಿದವರು ಯಾರು? ದೂರದ ಅಂಗಡಿಯವನು ಒಬ್ಬನೇ ಅಲ್ಲ.

ಆದರೂ ಸಾಲದ ಭಯದಿಂದ ಬರಿಗೈಯಾಗಿ ಕುಳಿತುಕೊಳ್ಳಿರೆಂದು ನಾವು ಹೇಳುವದಿಲ್ಲ. ನಮ್ಮ ಜನರ ಬರಿಗೈಗೆ ಬೇರೆ ಒಂದು ಕಾರಣವೂ ಉಂಟು. ನಮ್ಮಲ್ಲಿ ಅನೇಕರ ಪೂರ್ವಿಕರು ದೀಕ್ಷಾಸ್ನಾನ ಹೊಂದಿದ ದಿನ ಉಟ್ಟ ಬಟ್ಟೆಯಲ್ಲಿ ಮನೆಬಿಟ್ಟು ಬಂದವರು. ಮತವನ್ನು ಬದಲಿಸಿದವನ ಪಿತ್ರಾರ್ಜಿತದ ಹಕ್ಕು ಹೋಗುವದಿಲ್ಲವೆಂದು 1850ರ 21ನೆಯ ಕಾಯಿದೆಯಲ್ಲಿ ಬರೆದಿದ್ದರೂ ಕಾಯಿದೆಯು ಕಚೇರಿಯಲ್ಲಿತ್ತು, ಮನೆಯ ಬೀಗದ ಕೈ ಅಣ್ಣತಮ್ಮಂದಿರ ಕೈಯಲ್ಲಿತ್ತು. 1834ರಲ್ಲಿ ಮಂಗಳೂರಿಗೆ ಬಂದ ಬಾಸೆಲ್ ಮಿಷನಿನವರು ಮುಂದೆ ನೇಯ್ಗೆಯ ಶಾಲೆಗಳನ್ನೂ 1865ರಲ್ಲಿ ಹೆಂಚಿನ ಕಾರ್ಖಾನೆಯನ್ನೂ ಸ್ಥಾಪಿಸಿದ್ದು, ಹೀಗೆ ಹೊರಬಿದ್ದವರಿಗೆ ಹೊಟ್ಟೆಯ ಮಾರ್ಗ ಇಲ್ಲದೆ ಹೋದದರಿಂದಲೇ. ಇನ್ನು ಕೆಲವರ ಪೂರ್ವಿಕರಿಗೆ ಬಿಟ್ಟುಬರಲು ಆಸ್ತಿಯೇ ಇರಲಿಲ್ಲ. ಊರ ಬಾವಿಯ ಬಳಿಗೆ ಹೋಗುವ ಹಕ್ಕೂ ಇರಲಿಲ್ಲ. ಎರಡು ವಿಧದವರೂ ಮಕ್ಕಳಿಗೆ ಕೊಡುವದಕ್ಕೆ ಅಜ್ಜಿಯ ತೊಟ್ಟಿಲನ್ನಾಗಲಿ ಮುತ್ತಜ್ಜನ ಕಂಚಿನ ಚೆಂಬನ್ನಾಗಲಿ ತರಲಿಲ್ಲ. ನಮ್ಮ ಮನೆಗಳಲ್ಲಿ ಹಳೆಯ ಸಾಮಾನು ಕಡಿಮೆಯಿರುವದು ಇದರಿಂದಲೇ. ಸಾಮಾನು ಇಲ್ಲದಿರುವಲ್ಲಿ ಮಗುವು ಏನನ್ನು ತೋರಿಸಿ ಕೇಳೀತು? ಅಜ್ಜನು ಯಾವ ಹೊಳೆಯನ್ನು ದಾಟಿ ಬಂದನೆಂದು ಮೊಮ್ಮಗನಿಗೆ ಗೊತ್ತಿಲ್ಲ. ಪೇಟೆಯ ಕಾಲೇಜಿನಲ್ಲಿ ಗೆಳೆಯರು, ನೀವು ಯಾವಾಗಿನಿಂದ ಈ ಮತದವರು, ಯಾಕೆ ಆದಿರಿ ಎಂದು ಕೇಳಿದರೆ ಅವನು ತಲೆ ತಗ್ಗಿಸುತ್ತಾನೆ. ತಲೆ ತಗ್ಗಿಸತಕ್ಕ ಕಥೆಯೇನೂ ಅದು ಅಲ್ಲ, ಹೇಳಿಕೊಟ್ಟವರಿಲ್ಲ, ಅಷ್ಟೇ.

ಪ್ರಿಯರೇ, ಬೇತ್ಲೆಹೇಮಿನ ಆ ರಾತ್ರಿಯನ್ನು ಆಲೋಚಿಸಿರಿ. ಮರಿಯಳಿಗೂ ಪರಸ್ಥಳ, ತೊಟ್ಟಿಲಿಲ್ಲ, ಗೋದಲಿ ಮಾತ್ರ. ಕುರುಬರು ಬಂದು ಹೇಳಿದ ಮಾತುಗಳನ್ನು ಆಕೆ ಮನಸ್ಸಿನಲ್ಲಿಟ್ಟುಕೊಂಡು ಆಲೋಚಿಸುತ್ತಿದ್ದಳೆಂದು ಲೂಕನು 2ನೆಯ ಅಧ್ಯಾಯದಲ್ಲಿ ಬರೆದಿದ್ದಾನೆ. ಆಕೆ ಮನಸ್ಸಿನಲ್ಲಿಟ್ಟದ್ದನ್ನು ಬಾಯಿಂದ ಯಾರಿಗೂ ಹೇಳದೆ ಹೋಗಿದ್ದರೆ ಗೋದಲಿಯ ಸಂಗತಿಯು ನಮ್ಮ ಕಿವಿಗೆ ಹೇಗೆ ಮುಟ್ಟುತ್ತಿತ್ತು?

ನಮ್ಮ ಮನೆಗಳ ಮುಂದೆ ತೂಗುವ ನಕ್ಷತ್ರದ ವಿಷಯವಾಗಿಯೂ ಒಂದು ಸಂಗತಿಯನ್ನು ಹೇಳುವೆವು. ಜರ್ಮನಿಯ ಹೆರ್ನ್‌ಹುಟ್ ಎಂಬ ಊರಿನ ಮೊರಾವಿಯ ಸಹೋದರರು ದೇಶದೇಶಗಳಿಗೆ ಬೋಧಕರನ್ನು ಕಳುಹಿಸುತ್ತಿದ್ದರು. ಆ ಬೋಧಕರ ಮಕ್ಕಳು ತಂದೆತಾಯಿಗಳನ್ನು ಅಗಲಿ ಅಲ್ಲಿಯ ವಸತಿಶಾಲೆಗಳಲ್ಲಿ ಓದುತ್ತಿದ್ದರು. 19ನೆಯ ಶತಮಾನದ ಆದಿಭಾಗದಲ್ಲಿ ಅಂಥ ಶಾಲೆಯಲ್ಲಿ, ರೇಖಾಗಣಿತದ ಪಾಠಕ್ಕಾಗಿ ಕಾಗದವನ್ನು ಮಡಿಸಿ ಮೊನೆಗಳನ್ನು ಮಾಡಿ ನಕ್ಷತ್ರವನ್ನು ಕಟ್ಟುವ ವಾಡಿಕೆ ಹುಟ್ಟಿತು. ಆಗಮನಕಾಲದ ಮೊದಲನೆಯ ಆದಿತ್ಯವಾರದಲ್ಲಿ ಮಕ್ಕಳು ಅದನ್ನು ಕೂಡಿಸಿ ಕೋಣೆಯಲ್ಲಿ ತೂಗಹಾಕುತ್ತಿದ್ದರು. ಈಗ ಅದು ಕಾರ್ಖಾನೆಯಲ್ಲಿ ತಯಾರಾಗಿ ಇಪ್ಪತ್ತೈದು ಮೊನೆಗಳ ಸಹಿತ ಪೆಟ್ಟಿಗೆಯಲ್ಲಿ ಮಾರಾಟವಾಗುತ್ತದೆ. ಅಲ್ಲಿಯವರು ಈಗಲೂ ಅದನ್ನು ಮನೆಯಲ್ಲಿ ತಾವೇ ಕೂಡಿಸುತ್ತಾರೆ. ತಾಯಿಯ ಮುಖವನ್ನು ವರುಷಗಟ್ಟಳೆ ಕಾಣದ ಹುಡುಗರು ಕಾಗದವನ್ನು ಮಡಿಸಿ ದೀಪವಿಟ್ಟರೆಂಬದನ್ನು, ಸ್ವಿಚ್ಚು ಒತ್ತುವಾಗ ನಾವು ಮರೆಯದಿರೋಣ. ಬೆಂಗಳೂರಿಗೂ ಗೋವೆಗೂ ದುಡಿಯಲು ಹೋದ ನಮ್ಮ ಮಕ್ಕಳೂ ಹಬ್ಬದ ರಾತ್ರಿ ಎಷ್ಟೋ ಸಾರಿ ಪರಸ್ಥಳದಲ್ಲಿರುತ್ತಾರಲ್ಲವೇ?

ಮಿಶಿಗನಿನ ಮಳಿಗೆಗೆ ನಾವು ಹೋಗಲಾರೆವು, ಹೋಗಬೇಕಾದ್ದೂ ಇಲ್ಲ. ಆದರೆ ಆ ಕುಟುಂಬಗಳು ವರುಷಕ್ಕೊಂದು ವಸ್ತುವಿನ ಮೇಲೆ ಹೆಸರು ಬರೆದು, ಅದನ್ನು ಪೆಟ್ಟಿಗೆಯಲ್ಲಿಟ್ಟು, ಮರುವರುಷ ಬಿಚ್ಚಿ ಅದರ ಕಥೆಯನ್ನು ಹೇಳುತ್ತವಲ್ಲ, ಅದನ್ನು ಮಾಡುವದಕ್ಕೆ ನಮಗೆ ತಡೆ ಏನು? ನಾವು ಬಲ್ಲ ಒಂದು ಕೂಲಿಯವರ ಮನೆಯಲ್ಲಿ ಹಳೆಯ ಬಿಸ್ಕತ್ತಿನ ಡಬ್ಬಿ ಇದೆ. ಅದರಲ್ಲಿ ಗಾಳಿಮರದ ಒಣಗಿದ ಕಾಯಿಗಳು. ಒಂದೊಂದು ಕಾಯಿಗೂ ಒಂದೊಂದು ಬಣ್ಣದ ನೂಲು. ಮಗು ಹುಟ್ಟಿದ ವರುಷದ್ದಕ್ಕೆ ಕೆಂಪು, ಮನೆಗೆ ಹೆಂಚು ಹೊದಿಸಿದ ವರುಷದ್ದಕ್ಕೆ ಹಳದಿ, ಅಜ್ಜಿ ನಿದ್ದೆಹೋದ ವರುಷದ್ದಕ್ಕೆ ಬಿಳಿ. ಮಳೆ ಬಾರದ ಒಂದು ವರುಷಕ್ಕೆ ನೂಲೇ ಇಲ್ಲ, ಸೆಣಬಿನ ಎಳೆ. ಹಬ್ಬದ ಹಿಂದಿನ ಸಾಯಂಕಾಲ ಗಾಳಿಮರದ ಕೊಂಬೆಗೆ ಅವುಗಳನ್ನು ಕಟ್ಟುತ್ತಾರೆ. ಆ ಮನೆಯ ಆರು ವರುಷದ ಹುಡುಗಿಯು ಸೆಣಬಿನ ಎಳೆಯದನ್ನು ಹಿಡಿದು, ಅಪ್ಪಾ, ಇದಕ್ಕೆ ಯಾಕೆ ಬಣ್ಣ ಇಲ್ಲ ಎಂದು ಕೇಳಿದ್ದನ್ನು ನಾವು ಕಿವಿಯಾರೆ ಕೇಳಿದೆವು. ತಂದೆಯು ಆ ವರುಷ ಊರು ಬಿಟ್ಟು ಕಬ್ಬು ಕಡಿಯಲು ಹೋದದ್ದನ್ನೂ, ಹಬ್ಬದ ಪ್ರಾರ್ಥನೆಯನ್ನು ಕಬ್ಬಿನ ಗದ್ದೆಯ ಬದಿಯಲ್ಲೇ ಮಾಡಿದ್ದನ್ನೂ ಹೇಳಿದನು. ಅವನ ಹೆಂಡತಿಯು ಒಲೆಯ ಬಳಿಯಿಂದ, ಆ ಪ್ರಾರ್ಥನೆಯಲ್ಲಿ ನೀನು ನಿದ್ದೆ ಮಾಡಿದ್ದಿ ಎಂದಳು. ಎಲ್ಲರೂ ನಕ್ಕರು.

ಈ ಆಗಮನಕಾಲದ ಮೊದಲನೆಯ ಆದಿತ್ಯವಾರದಂದು ಆರಾಧನೆ ಮುಗಿದ ಮೇಲೆ ಒಂದೊಂದು ಕುಟುಂಬವೂ ತನ್ನ ನಕ್ಷತ್ರವನ್ನು ಪ್ರಾರ್ಥನಾಲಯದ ಜಗುಲಿಯಲ್ಲೇ ಕೂತು ಕಟ್ಟಲಿ ಎಂದು ನಾವು ಸಭೆಯ ಹಿರಿಯರ ಸಂಗಡ ಮಾತಾಡಿದ್ದೇವೆ. ಹಿಂಭಾಗದ ಕಾಗದದ ಮೇಲೆ ಮನೆಯಲ್ಲಿ ಮೊದಲು ದೀಕ್ಷಾಸ್ನಾನ ಹೊಂದಿದವರ ಹೆಸರನ್ನು ಬರೆಯಿರಿ. ವರುಷ ಗೊತ್ತಿದ್ದರೆ ಅದನ್ನೂ ಬರೆಯಿರಿ. ಗೊತ್ತಿಲ್ಲದವರು ಸಭೆಯ ದಾಖಲೆಯ ಪುಸ್ತಕವನ್ನು ನೋಡಬಹುದು. ಶನಿವಾರ ಮಧ್ಯಾಹ್ನ ಅದು ನಮ್ಮ ಬಳಿಯಲ್ಲಿರುವದು. ಮುದುಕರಿರುವ ಮನೆಯವರು ಪುಸ್ತಕಕ್ಕಿಂತ ಮೊದಲು ಅವರನ್ನು ಕೇಳಿರಿ. ಕಾಗದವೂ ದಾರವೂ ಸಭೆಯ ಖರ್ಚಿನಿಂದ ಬರುವವು, ಅಂಟಿಗೆ ಮೈದಾಹಿಟ್ಟನ್ನು ಮನೆಯಿಂದ ತರಬೇಕು. ಬಿದಿರನ್ನು ಈಗಲೇ ಕಡಿದು, ಕಡ್ಡಿಗಳನ್ನು ತೆಳ್ಳಗೆ ಸೀಳಿ, ನೆರಳಿನಲ್ಲಿ ಎಂಟು ದಿನ ಒಣಗಿಸಿಡಿರಿ. ಹಸಿ ಕಡ್ಡಿಯಲ್ಲಿ ಕಟ್ಟಿದರೆ ಅದು ಒಣಗುವಾಗ ಸೊಟ್ಟಗಾಗಿ ಕಾಗದವನ್ನು ಹರಿಯುತ್ತದೆ.